ಗುರುತಿಲ್ಲದ ಕುರ್ಚಿ

ಹೋದ ತಿಂಗಳು ಒಂದು ಬೆಳಿಗ್ಗೆ ಮನೆಯ ಮುಂದೆ ಲಗೇಜ್ ಆಟೋ ಬಂದು ನಿಂತಿತು. ಡ್ರೈವರ್ ಇಳಿಸಿದ್ದು ಒಂದು ಕುರ್ಚಿ. ಹಳೆಯ ಪರದೆಯ ತುಂಡಿನಲ್ಲಿ ಸುತ್ತಿ ಸೆಣಬಿನ ಹಗ್ಗದಿಂದ ಕಟ್ಟಿದ್ದರು. ಹಗ್ಗ ಬಿಚ್ಚುವ ಮೊದಲೇ ವಾಸನೆ ಬಂತು. ನುಸಿಗುಳಿಗೆ, ಒಣಗಿದ ಬಣ್ಣ, ಅದರಡಿಯಲ್ಲಿ ಎಲ್ಲೋ ಸ್ವಲ್ಪ ಹರಳೆಣ್ಣೆ... ಮಧುಗಿರಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ನಾಟಕದ ಸಾಮಾನಿನ ಅಂಗಡಿಯ ವಾಸನೆ. ಪರದೆಯ ತುಂಡಿನಲ್ಲಿ ಅರಮನೆಯ ಕಂಬವೊಂದು ಅರ್ಧ ಉಳಿದಿತ್ತು.

ಜೊತೆಗೆ ಆ ಅಂಗಡಿಯ ಯಜಮಾನರ ಮಗಳು ಬರೆದ ಚೀಟಿ ಇತ್ತು. ‘ಅಂಗಡಿ ಖಾಲಿ ಮಾಡುತ್ತಿದ್ದೇವೆ. ಈ ಕುರ್ಚಿ ಯಾರ ಮನೆಯದೆಂದು ಪೇಪರಿನವರಿಗೆ ಗೊತ್ತು, ಅವರಿಗೇ ಕೊಡು ಎಂದು ಅಪ್ಪ ಹೇಳಿದ್ದರು.’ ಪೇಪರಿನವರೆಂದರೆ ನಾನು, ಪತ್ರಿಕೆಯ ವರದಿಗಾರ.

ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿದೆ. ತೇಗದ ಹಲಗೆಯ ಅಡಿಯಲ್ಲಿ, ಸೀಮೆಸುಣ್ಣವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ ಮಬ್ಬು ಕಲೆ ಹಾಗೇ ಇತ್ತು.

ಎಲ್ಲರೂ ಅವರನ್ನು ‘ಸೀನರಿ ಯಜಮಾನ್ರು’ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಹಳ್ಳಿಗಳಲ್ಲಿ ಆಡುವ ಪೌರಾಣಿಕ ನಾಟಕಗಳಿಗೆ ಪರದೆ, ಕಿರೀಟ, ಗದೆ, ಸಿಂಹಾಸನ ಎಲ್ಲವನ್ನೂ ಬಾಡಿಗೆಗೆ ಕೊಡುವ ಅಂಗಡಿ ಅವರದು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನಲ್ಲಿ ಯಾವ ಊರಿನಲ್ಲಿ ಯಾರು ಭೀಮನ ಪಾತ್ರ ಮಾಡುತ್ತಾರೆ, ಯಾವ ಊರಿನ ಕೃಷ್ಣನಿಗೆ ಕಿರೀಟ ಬಿಗಿಯಾಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಟವೆಲ್. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದಷ್ಟು ರಟ್ಟಿನ ಚೂರು. ಹಳ್ಳಿಯ ನೆಲ ಎಲ್ಲಿ ಸಮ ಇರುತ್ತದೆ? ಸಿಂಹಾಸನ ಅಲ್ಲಾಡಿದರೆ ರಾಜ ನಗೆಪಾಟಲಾಗುತ್ತಾನೆ. ಅದಕ್ಕೇ ಯಾವ ಕಾಲು ಮೇಲಿದೆಯೋ ನೋಡಿ ರಟ್ಟು ಮಡಿಸಿ ಅಡಿಗಿಡುತ್ತಿದ್ದರು.

ಅವರ ಹೆಮ್ಮೆಯೆಲ್ಲ ಒಂದೇ ವಿಷಯದಲ್ಲಿತ್ತು. ನಲವತ್ತು ವರ್ಷದಲ್ಲಿ ಅವರ ಅಂಗಡಿಯಿಂದ ಹೋದ ಸಾಮಾನು, ಒಂದು ಬಾಣ ಕೂಡ, ದಾರಿ ತಪ್ಪಿರಲಿಲ್ಲ. ಬೇರೆಯವರಿಂದ ಎರವಲು ತಂದದ್ದಂತೂ ತಂದ ಮನೆಗೇ ಸೇರುತ್ತಿತ್ತು. ಪ್ರತಿಯೊಂದರ ಅಡಿಯಲ್ಲೂ ಒಂದು ಗುರುತು ಬರೆದಿಡುತ್ತಿದ್ದರು. ಆ ಗುರುತು ಅವರಿಗೆ ಶಾಸನವಿದ್ದ ಹಾಗೆ.

ಕೊರೊನಾ ಕಳೆದ ಮೇಲಿನ ವರ್ಷ ತುಮಕೂರಿನ ಸಣ್ಣ ರಂಗತಂಡವೊಂದು ಸಂವಿಧಾನ ರಚನೆಯ ಕಥೆಯನ್ನು ನಾಟಕ ಮಾಡಲು ಹೊರಟಿತ್ತು. ಸಂವಿಧಾನ ಸಭೆಯಲ್ಲಿ ಯಾರು ಏನು ಮಾತಾಡಿದರು, ಯಾವುದಕ್ಕೆ ಜಗಳವಾಡಿದರು, ಹೇಗೆ ಒಪ್ಪಿದರು ಎಂಬುದೇ ಕಥೆ. ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಿ, ಆಯಾ ಊರಿನವರೂ ಪಾತ್ರ ಮಾಡಬೇಕು, ಆಯಾ ಊರಿನವರೇ ಕೈ ಜೋಡಿಸಬೇಕು ಎಂದು ಯೋಜನೆ. ನಿರ್ದೇಶಕಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಪರದೆ ಕೇಳಿಕೊಂಡು ಯಜಮಾನರ ಅಂಗಡಿಗೆ ಬಂದ ದಿನ ನಾನು ಯಾವುದೋ ಸುದ್ದಿಗೆಂದು ಅಲ್ಲೇ ಕೂತಿದ್ದೆ.

ಯಜಮಾನರು ಒಂದೊಂದೇ ಪರದೆ ಬಿಚ್ಚಿ ತೋರಿಸಿದರು. ದರ್ಬಾರು, ಕಾಡು, ಬೀದಿ, ಉದ್ಯಾನವನ.

“ಇದ್ರಲ್ಲಿ ದಿಲ್ಲಿ ಯಾವ್ದೂ ಇಲ್ಲ ಕಣಮ್ಮ,” ಎಂದರು. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದರು, “ಆ ಸಭೇಲಿ ಏನ್ ಮಾಡುದ್ರು?”

“ಕೂತು ಮಾತಾಡಿದ್ರು.”

“ಯುದ್ಧ ಗಿದ್ಧ?”

“ಇಲ್ಲ. ಬರೀ ಮಾತು.”

“ಎಷ್ಟು ದಿನ?”

“ಹತ್ತಿರ ಹತ್ತಿರ ಮೂರು ವರ್ಷ.”

“ಮೂರ್ ವರ್ಷ ಕೂತಿದ್ರಾ!” ಯಜಮಾನರು ಪರದೆ ಸುತ್ತಿಟ್ಟರು. “ಅಂಗಾದ್ರೆ ನಿಂಗೆ ಪರದೆ ಬ್ಯಾಡ ಬುಡವ್ವ. ಕುರ್ಚಿ ಬೇಕು.”

ಕುರ್ಚಿಯನ್ನು ಎಲ್ಲಿಂದಲೂ ಹೊತ್ತು ತರುವುದು ಬೇಡ, ಪ್ರತಿ ಊರಲ್ಲೂ ಮನೆಗೊಂದು ಆಸನ ಎರವಲು ತರೋಣ ಎಂದದ್ದೂ ಅವರೇ. ಪ್ಲಾಸ್ಟಿಕ್ ಕುರ್ಚಿಯೋ, ಸ್ಟೂಲೋ, ಹಾಲು ಕರೆಯುವ ಮಣೆಯೋ, ಏನಾದರೂ ಸರಿ. ಊರಿನ ಕುರ್ಚಿಗಳೇ ಸಂವಿಧಾನ ಸಭೆಯಾಗಲಿ. ನಿರ್ದೇಶಕಿ ಕುಣಿದಾಡಿಬಿಟ್ಟರು. ನನ್ನ ವರದಿಯಲ್ಲಿ ಆ ಕಲ್ಪನೆ ‘ತಂಡದ ವಿನೂತನ ರಂಗವಿನ್ಯಾಸ’ ಎಂದು ಪ್ರಕಟವಾಯಿತು. ತಪ್ಪು ನನ್ನದೇ.

ಹಾಗೆ ನೋಡಿದರೆ ಆ ನಾಟಕಕ್ಕೆ ಕೈ ಜೋಡಿಸಿದವರು ಕಡಿಮೆ ಇರಲಿಲ್ಲ. ಹೊಳವನಹಳ್ಳಿಯ ಮಹಿಳಾ ಸಂಘದವರು ಕೋಟು, ಟೋಪಿ ಹೊಲಿದರು. ಪಾವಗಡದ ಮೇಷ್ಟ್ರೊಬ್ಬರು ಅಲ್ಲಿಯ ಪ್ರದರ್ಶನಕ್ಕೆ ಕೆಲವು ಮಾತುಗಳನ್ನು ತೆಲುಗಿಗೆ ತಿರುಗಿಸಿಕೊಟ್ಟರು. ಸಿರಾದಿಂದ ಮೈಕ್ ಸಾಹೇಬರು ತಮ್ಮ ಆಂಪ್ಲಿಫಯರ್ ಹೊತ್ತು ಎಲ್ಲ ಊರಿಗೂ ಬಂದರು. ಇವರನ್ನೆಲ್ಲ ನಾನು ಬರೆದೆ. ಯಜಮಾನರು ಪ್ರತಿ ವರದಿಯ ಕೊನೆಯ ಸಾಲಿನಲ್ಲಿ, ‘ಮತ್ತಿತರರು ಇದ್ದರು’ ಎಂಬುದರೊಳಗೆ ಇದ್ದರು.

ಪ್ರದರ್ಶನದ ದಿನ ಬೆಳಿಗ್ಗೆ ಅವರು ಟ್ರ್ಯಾಕ್ಟರಿನ ಜೊತೆ ಬೀದಿ ಬೀದಿ ಸುತ್ತುತ್ತಿದ್ದರು. ಕುರ್ಚಿ ಇಸಿದುಕೊಂಡು, ಮಗುಚಿ, ಅಡಿಯಲ್ಲಿ ಸೀಮೆಸುಣ್ಣದಿಂದ ಬೀದಿಯ ಮೊದಲ ಅಕ್ಷರ, ಮನೆಯ ಸಂಖ್ಯೆ ಬರೆಯುತ್ತಿದ್ದರು.

“ಕ್ಯಾ ಯಜಮಾನ್ರೇ, ಕುರ್ಚಿಗೂ ಆಧಾರ್ ಕಾರ್ಡಾ?” ಎಂದು ಸಾಹೇಬರು ಕೀಟಲೆ ಮಾಡುತ್ತಿದ್ದರು.

“ನಿಮ್ ಮೈಕಿಗೂ ಒಂದು ಬರ್ದ್‌ಬುಡ್ತೀನಿ ಬನ್ನಿ ಸಾಬ್ರೆ. ಆಗ್ಲಾದ್ರೂ ಕುಯ್ಯೋ ಅನ್ನೋದು ಬಿಡ್ತದೇನೋ.”

ಪಾವಗಡದ ಕಡೆಯ ಊರಿನಲ್ಲಿ ಒಬ್ಬ ಅಜ್ಜಿ ನಾಟಕದ ನಡುವೆಯೇ ಎದ್ದು ನಿಂತು, “ಏಮಯ್ಯಾ, ನಮ್ಮ ಕುರ್ಚಿ ಎಕ್ಕಡ? ಮೂಲೇಗ್ ಹಾಕ್‌ಬುಟ್ಟಿದ್ದೀಯ?” ಎಂದು ಅರ್ಧ ತೆಲುಗಿನಲ್ಲಿ ಗದರಿದ್ದು ನೆನಪಿದೆ. ರಂಗದ ಮೇಲೆ ಕರಡು ಸಮಿತಿಯ ಅಧ್ಯಕ್ಷರು ಮಾತು ನಿಲ್ಲಿಸಿ, ಆ ಕುರ್ಚಿಯನ್ನು ತಾವೇ ಮುಂದೆ ತಂದಿಟ್ಟು ಮಾತು ಮುಂದುವರಿಸಿದರು. ಜನ ಶಿಳ್ಳೆ ಹಾಕಿದರು.

ಇನ್ನು ಹೇಳಬೇಕಾದದ್ದು ಹುಲಿಕುಂಟೆ ಹೋಬಳಿಯ ಒಂದು ಹಳ್ಳಿಯ ವಿಷಯ. ಊರಿನ ಹೆಸರು ಬೇಡ.

ಅಲ್ಲಿ ಮೇಲಿನ ಬೀದಿಯ ಪಟೇಲರ ಮನೆಯವರು ಕೊಟ್ಟದ್ದು ಈ ತೇಗದ ಕುರ್ಚಿ. ಹಿಂದೆ ಪಟೇಲರಾಗಿದ್ದವರ ಮಗ, ಎಂಬತ್ತರ ಹತ್ತಿರದವರು, ಜಗಲಿಯಿಂದ ಇಳಿದು ತಾವೇ ಒರೆಸಿ ಕೊಟ್ಟರು. ಊರಿನವರಿಗೆ ಅವರೂ ‘ಪಟೇಲ್ರೇ’.

“ನಮ್ಮಪ್ಪ ಕೂರ್ತಿದ್ದ ಕುರ್ಚಿ ಇದು. ಯಾರ್ ಯಾರೋ ಕೂರೋದಕ್ಕಲ್ಲ. ಸಭೆಗೆ ಅಧ್ಯಕ್ಷರು ಅಂತ ಇರ್ತಾರಂತಲ್ಲ, ಅವ್ರಿಗೆ ಹಾಕಿ. ನಾಳೆ ಬೆಳಿಗ್ಗೆ ಈ ಜಗಲಿ ಮ್ಯಾಲೆ ಇರ್ಬೇಕು.”

“ನಾನೇ ಕೈಯಾರೆ ತಂದು ಇಡ್ತೀನಿ ಪಟೇಲ್ರೇ. ನಂದು ಅಂತ್ಲೇ ನೋಡ್ಕೋತೀನಿ,” ಎಂದರು ಯಜಮಾನರು.

ಕೊಟ್ಟ ಮಾತು ಇಷ್ಟು. ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ.

ಶಾಲೆಯ ಮೈದಾನದಲ್ಲಿ ಕುರ್ಚಿಗಳನ್ನು ಜೋಡಿಸಿದ್ದಾಯಿತು. ಮಧ್ಯಾಹ್ನ ನಾಲ್ಕಕ್ಕೆ ಕೊನೆಯ ತಾಲೀಮು. ಆ ಊರಿನ ಅಂಗನವಾಡಿ ಕಾರ್ಯಕರ್ತೆ ಸಭೆಯ ಸದಸ್ಯೆಯೊಬ್ಬರ ಪಾತ್ರ ಮಾಡುತ್ತಿದ್ದರು. ಕಾಲೋನಿಯವರು, ಬುದ್ಧನ ಪಟವಿಟ್ಟು ದೀಪ ಹಚ್ಚುವ ಮನೆಯವರು. ಅಸ್ಪೃಶ್ಯತೆಯನ್ನು ಕಾನೂನು ಅಳಿಸಿದರೆ ಸಾಲದು, ನಮ್ಮ ನಡತೆಯೂ ಅಳಿಸಬೇಕು ಎಂಬ ಅರ್ಥದ ಮಾತು ಅವರ ಪಾಲಿಗಿತ್ತು. ಅವರು ಬಂದು ತಮ್ಮ ಜಾಗದಲ್ಲಿ ಕೂರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಸಾಲುಗಳನ್ನೇ ನೋಡುತ್ತ ನಿಂತರು.

“ಯಜಮಾನ್ರೇ, ಇದು ದಿಲ್ಲಿನಾ, ನಮ್ಮೂರಾ?”

“ಯಾಕವ್ವ?”

“ಊರು ಹೆಂಗೈತೋ ಅಂಗೇ ಇಟ್‌ಬುಟ್ಟಿದ್ದೀರಲ್ಲ. ಮುಂದೆ ಮೇಲಿನ ಬೀದಿ, ಮಧ್ಯೆ ಗುಡಿ ಬೀದಿ, ಕೊನೇಲಿ ನಾವು. ನಮ್ ಕುರ್ಚಿ ನಂಗೆ ಗೊತ್ತಾಗಲ್ವಾ?”

ಅವರು ನಗುತ್ತಲೇ ಹೇಳಿದರು. ಆದರೆ ಯಾರೂ ನಗಲಿಲ್ಲ.

ಯಜಮಾನರು ಬೇಕೆಂದು ಮಾಡಿದ್ದಲ್ಲ. ಅದು ಅವರ ಕಸುಬಿನ ರೂಢಿ. ವಾಪಸ್ ಹಂಚುವಾಗ ಶಾಲೆಗೆ ಹತ್ತಿರದ ಬೀದಿಯ ಸಾಮಾನು ಮೊದಲು ಕೈಗೆ ಸಿಗಬೇಕು, ದೂರದ್ದು ಆಮೇಲೆ. ಹಾಗಾಗಿ ಬೀದಿ ಬೀದಿಯ ಪ್ರಕಾರ ಒಟ್ಟಿ, ಅದೇ ಕ್ರಮದಲ್ಲಿ ಸಾಲು ಹಾಕಿದ್ದರು. ಶಾಲೆಗೆ ಹತ್ತಿರ ಮೇಲಿನ ಬೀದಿ, ದೂರ ಕಾಲೋನಿ. ಊರು ಕಟ್ಟಿದವರ ಲೆಕ್ಕವೂ ಇವರ ಲೆಕ್ಕವೂ ಒಂದೇ ಆಗಿಬಿಟ್ಟಿತ್ತು.

ಹಿಂದಿನ ಊರುಗಳಲ್ಲೂ ಹಾಗೇ ಇಟ್ಟಿದ್ದರು. ನಿರ್ದೇಶಕಿ ಗಮನಿಸಿರಲಿಲ್ಲ. ನಾನೂ ಗಮನಿಸಿರಲಿಲ್ಲ. ಆಮೇಲೆ ನನ್ನ ಫೋನಿನಲ್ಲಿದ್ದ ಹಳೆಯ ಫೋಟೊಗಳನ್ನು ತೆಗೆದು ನೋಡಿದೆ. ಪ್ರತಿಯೊಂದರಲ್ಲೂ ಸಮಾನತೆಯ ಮಾತಾಡುವ ಸಭೆ ಬೀದಿವಾರು ಕೂತಿತ್ತು. ಅವುಗಳಲ್ಲಿ ಎರಡು ಪತ್ರಿಕೆಯಲ್ಲಿ ಅಚ್ಚಾಗಿದ್ದವು.

ಯಜಮಾನರು ಶಾಲೆಯ ನಲ್ಲಿಯ ಹತ್ತಿರ ಹೋಗಿ ಹೆಗಲ ಮೇಲಿನ ಟವೆಲ್ ನೆನೆಸಿಕೊಂಡು ಬಂದರು. ಮೊದಲ ಸಾಲಿನ ಮೊದಲ ಕುರ್ಚಿ ಮಗುಚಿ, ಅಡಿಯ ಗುರುತು ಒರೆಸಿದರು. ಎರಡನೆಯದು. ಮೂರನೆಯದು...

ನಿರ್ದೇಶಕಿ ಓಡಿ ಬಂದರು. “ಯಜಮಾನ್ರೇ, ಜಾಗ ಬದಲಾಯಿಸಿದ್ರೆ ಸಾಕಲ್ವಾ? ಗುರುತು ಯಾಕೆ ಅಳಿಸ್ತೀರಿ? ನಾಳೆ ವಾಪಸ್ ಹೇಗೆ ಕೊಡ್ತೀರಿ?”

“ಗುರುತಿದ್ರೆ ನನ್ ಕೈ ಮತ್ತೆ ಅಂಗೇ ಜೋಡಿಸ್ತದೆ ಕಣಮ್ಮ. ನಲವತ್ತು ವರ್ಷದ ಕೈ. ಅದುಕ್ ಬ್ಯಾರೆ ಗೊತ್ತಿಲ್ಲ.”

ಎಲ್ಲ ಒರೆಸಿದ ಮೇಲೆ ಅವರು ಸಾಲು ಹಾಕಲಿಲ್ಲ. ಮೈಕ್ ಸಾಹೇಬರನ್ನು ಕರೆದರು. “ಸಾಬ್ರೆ, ಈ ಊರಲ್ಲಿ ಯಾವ್ ಬೀದಿ ಎಲ್ಲೈತೆ ನಿಮಗ್ ಗೊತ್ತಾ?”

“ನಂಗೆ ಬಸ್‌ಸ್ಟಾಪೇ ಗೊತ್ತಿಲ್ಲ ಯಜಮಾನ್ರೇ.”

“ಅದೇ ಬೇಕಾಗಿದ್ದು. ನೀವು ಇಡಿ. ಕೈಗೆ ಯಾವ್ದು ಸಿಗ್ತದೋ ಅದು.”

ಸಾಹೇಬರು ಇಟ್ಟರು. ಕಾಲೋನಿಯ ಬೆಂಚಿನ ಪಕ್ಕ ಗುಡಿ ಪೂಜಾರರ ಮನೆಯ ಸ್ಟೂಲು ಬಂತು. ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ಯಾರ ಮನೆಯವೆಂದು ದೇವರಿಗೂ ಗೊತ್ತಾಗದ ಹಾಗೆ ಚದುರಿದವು. ಪಟೇಲರ ತೇಗದ ಕುರ್ಚಿ ಮೂರನೆಯ ಸಾಲಿನ ತುದಿಗೆ ಬಂತು. ಅದು ಅಂಗನವಾಡಿಯವರು ಕೂರುವ ಜಾಗ.

ಯಜಮಾನರು ಅದನ್ನು ನೋಡಿದರು. ನಾನು ಅವರನ್ನು ನೋಡುತ್ತಿದ್ದೆ. ಆ ಒಂದು ಕುರ್ಚಿಯನ್ನು ಎತ್ತಿ ಅಧ್ಯಕ್ಷರ ಜಾಗಕ್ಕೆ ಹಾಕಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಕೊಟ್ಟ ಮಾತೂ ಉಳಿಯುತ್ತಿತ್ತು. ಅವರು ಮೂರನೆಯ ಸಾಲಿನ ತುದಿಗೆ ಹೋದರು. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಅಲ್ಲಾಡಿಸಿದರು. ಹಿಂದಿನ ಎಡಗಾಲು ನೆಲಕ್ಕೆ ತಾಗುತ್ತಿರಲಿಲ್ಲ. ಜೇಬಿನಿಂದ ರಟ್ಟು ತೆಗೆದು, ಎರಡು ಮಡಿಕೆ ಮಾಡಿ, ಕಾಲಡಿಗಿಟ್ಟು, ಮತ್ತೊಮ್ಮೆ ಅಲ್ಲಾಡಿಸಿ ನೋಡಿ, ಈಚೆಗೆ ಬಂದರು.

“ಕೂತ್ಕೊ ತಾಯಿ. ಈಗ ಅಲ್ಲಾಡಲ್ಲ,” ಎಂದರು.

ಸಂಜೆ ಆರಕ್ಕೆ ನಾಟಕ ಶುರುವಾಯಿತು. ಪಟೇಲರು ನೋಡುವವರ ಮುಂದಿನ ಸಾಲಿನಲ್ಲೇ ಕೂತಿದ್ದರು. ಅಂಗನವಾಡಿಯವರು ತಮ್ಮ ಮಾತು ಬಂದಾಗ ಕುರ್ಚಿಯ ಎರಡೂ ಕೈಗಳನ್ನು ಹಿಡಿದು ಎದ್ದರು, ಮಾತಾಡಿದರು, ಮತ್ತೆ ಅದರಲ್ಲೇ ಕೂತರು. ಜನ ಒಮ್ಮೆ ಅವರನ್ನು, ಒಮ್ಮೆ ಪಟೇಲರನ್ನು ನೋಡಿದರು. ಪಟೇಲರು ಏಳಲಿಲ್ಲ. ಕೊನೆಯಲ್ಲಿ ಎಲ್ಲರೂ ನಿಂತು ಸಂವಿಧಾನದ ಪೀಠಿಕೆ ಓದಿದಾಗ ಮಾತ್ರ, ಊರುಗೋಲಿನ ಮೇಲೆ ಭಾರ ಹಾಕಿ, ಅವರೂ ನಿಂತರು. ಇದನ್ನು ನಾನು ಬರೆದುಕೊಂಡಿದ್ದೇನೆ. ಅವರಿಗೆ ಸಲ್ಲಬೇಕಾದದ್ದು ಸಲ್ಲಬೇಕು.

ಮಾರನೆಯ ಬೆಳಿಗ್ಗೆ ಹೆಂಗಸರು ಕುರ್ಚಿ ಒಯ್ಯಲು ಶಾಲೆಯ ಹತ್ತಿರ ಬಂದರು. ಗುರುತಿಲ್ಲದ ಕಾರಣ ಗದ್ದಲವೋ ಗದ್ದಲ.

“ಲೇ, ಅದು ನಮ್ದು ಕಣೇ. ಊದುಬತ್ತಿ ತಗುಲಿ ಕೈ ಸುಟ್ಟೈತೆ ನೋಡು.”

“ನಮ್ದೂ ಸುಟ್ಟೈತೆ. ನಿಂದೇ ಆದ್ರೆ ತಗಂಡೋಗು, ದಿನಾ ಬಂದು ನಿಮ್ಮನೇಲೇ ಕುಂತ್ಕತೀನಿ.”

“ಬಾರೇ, ಯಾರ್ ಬ್ಯಾಡ ಅಂದ್ರು?”

ಯಾವ ಕುರ್ಚಿ ಯಾವ ಬೀದಿಗೆ ಹೋಯಿತೋ ನಾನು ಹೇಳಲಾರೆ. ಕೊನೆಗೆ ಉಳಿದದ್ದು ತೇಗದ್ದು ಒಂದೇ. ಯಜಮಾನರು ಅದನ್ನು ತಲೆಯ ಮೇಲೆ ಹೊತ್ತು ಮೇಲಿನ ಬೀದಿಗೆ ನಡೆದರು. ನಾನು ಹಿಂದೆ ಹೋದೆ.

ಪಟೇಲರು ಜಗಲಿಯ ಮೇಲಿದ್ದರು. ಅವರ ಸೊಸೆ ಬಾಗಿಲಲ್ಲಿ ನಿಂತಿದ್ದರು.

“ಇದು ನಮ್ದಲ್ಲ,” ಎಂದರು ಪಟೇಲರು.

“ನಿಮ್ದೇ ಪಟೇಲ್ರೇ.”

“ನಮ್ದಾಗಿದ್ರೆ ನೀವು ನೋಡ್ಕೋತಿದ್ರಿ. ಮಾತು ಕೊಟ್ಟಿದ್ರಿ.”

ಯಜಮಾನರು ಕುರ್ಚಿಯನ್ನು ಇಳಿಸಿ, ಅದರ ಪಕ್ಕ ನಿಂತರು. “ಅಧ್ಯಕ್ಷರಿಗೆ ಹಾಕ್ಲಿಲ್ಲ, ಅದು ನನ್ ತಪ್ಪು. ಕೊಟ್ಟ ಮಾತು ತಪ್ಪಿದ್ದೀನಿ. ಆದ್ರೆ ನೋಡ್ಕಂಡೇ ಇಟ್ಟಿದ್ದು ಪಟೇಲ್ರೇ. ಆಯಮ್ಮ ಕೂತಿರೋವರ್ಗೂ ಅಲ್ಲಾಡ್ಲಿಲ್ಲ.”

ಪಟೇಲರು ಎದ್ದು ಒಳಗೆ ಹೋದರು. ಸೊಸೆಯೂ ಕುರ್ಚಿಯತ್ತ ಒಮ್ಮೆ ತಿರುಗಿ ನೋಡಿ ಒಳಗೆ ಹೋದರು. ಯಜಮಾನರು ಸ್ವಲ್ಪ ಹೊತ್ತು ಕಾದು ಕುರ್ಚಿಯನ್ನು ಮತ್ತೆ ತಲೆಗೇರಿಸಿಕೊಂಡರು.

ದಾರಿಯಲ್ಲಿ ನಾನು, ಇದನ್ನು ಬರೆಯುತ್ತೇನೆ ಎಂದೆ. ಅವರು ನಿಂತರು.

“ಬರೀಬ್ಯಾಡಿ. ಒಂದು ಕುರ್ಚಿಗೆ ಊರೆಲ್ಲ ಪೇಪರಿಗ್ ಬರೋದ್ ಬ್ಯಾಡ. ಕುರ್ಚಿ ವಾಪಸ್ ಕೊಟ್ಟ ಮ್ಯಾಲೆ ಬೇಕಾದ್ರೆ ಬರೀರಿ.”

ಅಂದಿನ ನನ್ನ ವರದಿ ಆರು ಸಾಲಿನದು. ನಾಟಕ ಯಶಸ್ವಿಯಾಯಿತು, ಇಂಥಿಂಥವರು ಸಹಕರಿಸಿದರು, ಮತ್ತಿತರರು ಇದ್ದರು.

ಆಮೇಲಿನ ಊರುಗಳಲ್ಲಿ ಅವರು ಸೀಮೆಸುಣ್ಣ ಮುಟ್ಟಲಿಲ್ಲ. ಪ್ರತಿ ಊರಲ್ಲೂ ಆ ಊರಿನ ಬೀದಿ ಗೊತ್ತಿಲ್ಲದ ಒಬ್ಬರನ್ನು ಹುಡುಕಿ ಕುರ್ಚಿ ಇಡಿಸುತ್ತಿದ್ದರು. ಗೊರವನಹಳ್ಳಿಯ ಹತ್ತಿರದ ಊರಿನಲ್ಲಿ, ದೇವಸ್ಥಾನಕ್ಕೆ ಬಂದು ಬಸ್ಸಿಗೆ ಕಾಯುತ್ತಿದ್ದ ದಂಪತಿಯನ್ನೇ ಕರೆತಂದಿದ್ದರು. ಅವರು ಸಾಲು ಹಾಕಿ, ನಾಟಕವನ್ನೂ ನೋಡಿ, ಕೊನೆಯ ಬಸ್ಸಿಗೆ ಓಡಿದರು.

ಇತ್ತ, ಪಟೇಲರ ಹಳ್ಳಿಯವರು ಮರುವರ್ಷದ ತಮ್ಮ ನಾಟಕಕ್ಕೆ ಬೇರೆ ಕಡೆಯಿಂದ ಸೀನರಿ ತರಿಸಿದರು. ಅವರನ್ನು ನೋಡಿ ಅಕ್ಕಪಕ್ಕದ ಕೆಲವು ಊರುಗಳೂ ಬಿಟ್ಟವು. ನಲವತ್ತು ವರ್ಷ ಹೋಗಿ ಬಂದ ಊರುಗಳವು. ನಾನು ವಿಚಾರಿಸಿದಾಗ ಯಜಮಾನರು, “ಸಿಂಹಾಸನಕ್ಕೂ ಒಸಿ ರೆಸ್ಟು ಬೇಕಲ್ಲಪ್ಪ,” ಎಂದು ನಕ್ಕುಬಿಟ್ಟರು. ತೇಗದ ಕುರ್ಚಿ ಅಂಗಡಿಯ ಒಳಗೋಡೆಗೆ ಒರಗಿತ್ತು. ಅದನ್ನು ಬಾಡಿಗೆಗೆ ಕೊಡಲಿಲ್ಲ, ಬಂದವರನ್ನು ಅದರ ಮೇಲೆ ಕೂರಿಸಲೂ ಇಲ್ಲ. ಆಗಾಗ ಹರಳೆಣ್ಣೆ ಹಚ್ಚಿ ಒರೆಸುತ್ತಿದ್ದರು. ಇನ್ನೂ ಎರಡು ಸಲ ಆ ಊರಿಗೆ ಹೊತ್ತುಕೊಂಡು ಹೋಗಿ, ಹಾಗೇ ಹೊತ್ತುಕೊಂಡು ಬಂದರು ಎಂದು ಆಮೇಲೆ ಸಾಹೇಬರಿಂದ ತಿಳಿಯಿತು. ನನಗೆ ಅವರು ಹೇಳಿರಲಿಲ್ಲ.

“ಇದೊಂದು ವಾಪಸ್ ಹೋಗ್ಲಿಲ್ಲ ಕಣಪ್ಪ,” ಎಂದು ಒಮ್ಮೆ ಮಾತ್ರ ಅಂದರು. ದೂರಿನಂತೆ ಅಲ್ಲ. ಮುಗಿಯದ ಕೆಲಸದ ಬಗ್ಗೆ ಹೇಳುವ ಹಾಗೆ... ಹೋದ ವರ್ಷ ಅವರು ತೀರಿಕೊಂಡರು. ನಿಧನ ವಾರ್ತೆಯನ್ನು ನಾನೇ ಬರೆದೆ. ಅದರಲ್ಲಿಯೂ ಕುರ್ಚಿಯ ಮಾತಿಲ್ಲ.

ಈ ಕುರ್ಚಿ ಬಂದ ಮೇಲೆ ಪಟೇಲರ ಮನೆಗೆ ಫೋನ್ ಮಾಡಿದೆ. ಪಟೇಲರ ಸೊಸೆ ಎತ್ತಿದರು. ನಾನು ಯಾರೆಂದು ಹೇಳಿದ ಕೂಡಲೇ ವಿಷಯ ಅವರಿಗೆ ಗೊತ್ತಾಯಿತು.

“ಮಾವ ಇನ್ನೂ ಅವ್ರೆ. ಜಗಲಿಗೆ ತರ್ಬ್ಯಾಡಿ ಸಾರ್,” ಎಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು, “ಅಂಗನವಾಡಿಗೆ ತಂದ್‌ಬುಡಿ. ನಮ್ ಮಗೂನೂ ಅಲ್ಲಿಗೇ ಹೋಗ್ತದೆ. ನಾನ್ ಬತ್ತೀನಿ.”

ನಾನು ಹೋದಾಗ ಸೊಸೆ ಹೇಳಿದಂತೆ ಬಂದಿದ್ದರು. ಅಂಗನವಾಡಿಯವರು ಮಕ್ಕಳಿಗೆ ಊಟ ಬಡಿಸಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಕುರ್ಚಿಯನ್ನು ಗುರುತು ಹಿಡಿದು ಹೊಸಿಲಲ್ಲೇ ನಿಂತುಬಿಟ್ಟರು.

“ಮಿಸ್, ಇದು ನಮ್ಮನೇದು,” ಎಂದರು ಸೊಸೆ. “ಇಲ್ಲಿ ಇಟ್ಕಳಿ. ಎರವಲು ಅಂತ ಅಂದ್ಕಳಿ.”

“ಪಟೇಲ್ರು ಕೇಳುದ್ರೆ?”

“ಕೇಳುದ್ರೆ ನಾನ್ ಹೇಳ್ತೀನಿ. ಕೂತ್ಕಳಿ.”

“ನೀವ್ ಕೂತ್ಕಳಿ. ನಿಮ್ಮನೇದಲ್ವಾ?”

“ಒಂದ್ ಕುರ್ಚಿಗೆ ಎಷ್ಟೊತ್ತು ಉಪಚಾರ! ಕೂತ್ಕಳಿ ಅಂದ್ನಲ್ಲ.”

ಕೊಟ್ಟ ಮಾತು ಜಗಲಿಗೆ ಎಂದಿತ್ತು. ಕುರ್ಚಿ ಜಗಲಿಗೆ ಹೋಗಲಿಲ್ಲ. ಆ ಮನೆಯ ಸೊಸೆ ಹಗಲಿನಲ್ಲಿ, ಜನ ಓಡಾಡುವ ದಾರಿಯ ಪಕ್ಕ ನಿಂತು, ಅದು ತಮ್ಮ ಮನೆಯದೆಂದು ಒಪ್ಪಿಕೊಂಡರು. ಇದನ್ನು ವಾಪಸ್ ಕೊಟ್ಟಂತೆ ಎಂದು ತಿಳಿಯಬಹುದೇ? ಕೇಳಲು ಯಜಮಾನರಿಲ್ಲ. ತಿಳಿಯಬಹುದು ಎಂದುಕೊಂಡು ಬರೆದಿದ್ದೇನೆ. ತಪ್ಪಿದ್ದರೆ ತಿದ್ದುವವರೂ ಈಗಿಲ್ಲ.

ಅಂಗನವಾಡಿಯವರು ಕೂತರು. ಕುರ್ಚಿ ಎಡಕ್ಕೆ ವಾಲಿತು. ಅವರು ಎದ್ದು, ಬೆನ್ನಿನ ಮೇಲೆ ಕೈಯಿಟ್ಟು ಅಲ್ಲಾಡಿಸಿ, ಯಾವ ಕಾಲೆಂದು ನೋಡಿದರು. ಒಳಗಿನಿಂದ ಔಷಧಿಯ ಖಾಲಿ ರಟ್ಟಿನ ಡಬ್ಬಿಯೊಂದನ್ನು ತಂದು, ಒಂದು ಚೂರು ಹರಿದು, ಎರಡು ಮಡಿಕೆ ಮಾಡಿ ಕಾಲಡಿಗೆ ಇಟ್ಟರು. ಮತ್ತೊಮ್ಮೆ ಅಲ್ಲಾಡಿಸಿ ನೋಡಿದ ಮೇಲೆಯೇ ಕೂತದ್ದು.